ಪೆಟ್ಟಿಗೆ ಯಜಮಾನರ ಫುಟ್‌ಪಾತು

ಲೈಟುಕಂಬದ ಹತ್ತಿರ ಬಂದಕೂಡಲೇ ಆ ಹೆಂಗಸಿನ ಕಾಲು ತಾನಾಗಿ ತಿರುಗಿತು. ಎರಡು ಕೈಯಲ್ಲೂ ಸಾಮಾನಿನ ಚೀಲ, ನೆತ್ತಿ ಸುಡುವ ಬಿಸಿಲು. ಎದುರಿಗೇ ಅಗಲವಾದ, ಮರದ ನೆರಳಿದ್ದ, ಒಂದು ಕಲ್ಲೂ ಕಿತ್ತುಹೋಗಿರದ ಫುಟ್‌ಪಾತು. ಅದನ್ನು ಬಿಟ್ಟು ರಸ್ತೆಗಿಳಿದಳು. ಸ್ಕೂಟರುಗಳಿಗೆ ದಾರಿ ಕೊಟ್ಟು, ಲಾರಿಯವನ ಬೈಗುಳ ತಿಂದು, ಆಚೆ ಬದಿ ಸೇರಿದಳು. ಅಲ್ಲಿ ಹಣ್ಣಿನ ಗಾಡಿ, ಸಾಲಾಗಿ ನಿಲ್ಲಿಸಿದ ಸೈಕಲ್ಲು, ಚರಂಡಿಯ ಮೇಲೆ ಕಾಲಿಟ್ಟರೆ ಅಲುಗುವ ಚಪ್ಪಡಿ. ಮೈ ಅಡ್ಡ ಮಾಡಿಕೊಂಡು ನುಸುಳಿ, ಬ್ಯಾಂಕಿನ ಮೂಲೆ ಮುಟ್ಟಿದ ಮೇಲೆ ಮತ್ತೆ ರಸ್ತೆ ದಾಟಿ ಈಚೆ ಬದಿಗೇ ಬಂದು, ಏನೂ ಆಗಿಲ್ಲವೆಂಬಂತೆ ನಡೆದುಹೋದಳು.

"ನೋಡಿದ್ಯಾ ಅಪ್ಪ?" ಕಿಟಕಿಯ ಹತ್ತಿರ ಕೈಕಟ್ಟಿ ನಿಂತಿದ್ದ ಮಗಳು ಕೇಳಿದಳು. "ನಮ್ಮನ್ನ ತಪ್ಪಿಸೋಕೆ ಲಾರಿ ಕೆಳಗೆ ಬೇಕಾದ್ರೂ ಬೀಳ್ತಾರೆ."

"ಬಿದ್ರೆ ಇಲ್ಲಿಗೇ ಬರಬೇಕಲ್ಲ, ಬಿಡು" ಎಂದರು ಅಪ್ಪ, ಹಲಗೆಯಿಂದ ಕಣ್ಣೆತ್ತದೆ.

ಅವರು ಮಾಡುತ್ತಿದ್ದದ್ದು ಶವಪೆಟ್ಟಿಗೆ. ಆ ಬೀದಿಯಲ್ಲಿ ಯಾರೂ ಆ ಪದವನ್ನು ಪೂರ್ತಿ ಹೇಳುತ್ತಿರಲಿಲ್ಲ. ಮೊದಲರ್ಧ ನುಂಗಿ ಬರೀ 'ಪೆಟ್ಟಿಗೆ' ಅನ್ನುತ್ತಿದ್ದರು, ಅವರನ್ನು 'ಪೆಟ್ಟಿಗೆ ಯಜಮಾನರು' ಅನ್ನುತ್ತಿದ್ದರು. ಸಾವಾದ ಮನೆಯವರು ಬರುತ್ತಿದ್ದರು, ಮೆಲ್ಲಗೆ ಮಾತಾಡುತ್ತಿದ್ದರು, ಒಳ್ಳೇ ಕೆಲಸ ಮಾಡಿಕೊಟ್ಟಿರಿ ಎಂದು ತಲೆಬಾಗಿ ಹೋಗುತ್ತಿದ್ದರು. ಆಮೇಲೆ ಅದೇ ಜನ ಲೈಟುಕಂಬ ಬಂದರೆ ಸಾಕು, ರಸ್ತೆ ದಾಟುತ್ತಿದ್ದರು. ಇದರಲ್ಲಿ ಜಗಳವಿಲ್ಲ, ಬಹಿಷ್ಕಾರವಿಲ್ಲ. ದಾಟಿ ಎಂದು ಯಾರೂ ಬೋರ್ಡು ಹಾಕಿರಲಿಲ್ಲ. ಚಿಕ್ಕಂದಿನಲ್ಲಿ ಅಮ್ಮಂದಿರು ಕೈ ಹಿಡಿದು ಅತ್ತ ಎಳೆದಿದ್ದರು. ಆ ಮಕ್ಕಳು ದೊಡ್ಡವರಾಗಿ ಕಾರಣ ಮರೆತರೂ ಕಾಲು ಮರೆಯಲಿಲ್ಲ. ಊರಿಗೆ ಹೊಸಬರು ಬಂದರೆ ನಾಲ್ಕಾರು ದಿನ ಈ ಬದಿಯಲ್ಲೇ ಓಡಾಡುವರು. ಆಮೇಲೆ, ಇಷ್ಟು ಚೆನ್ನಾಗಿರುವ ಜಾಗದಲ್ಲಿ ಯಾರೂ ನಡೆಯುತ್ತಿಲ್ಲವೆಂದರೆ ಏನೋ ಇರಬೇಕು ಅನ್ನಿಸಿ, ಅವರೂ ಆಚೆ ಹೋಗುವರು. ಹೀಗಾಗಿ ಆ ಫುಟ್‌ಪಾತು ಸವೆಯಲೇ ಇಲ್ಲ. ಕಲ್ಲಿನ ಸಂದಿಯಲ್ಲಿ ಹುಲ್ಲು ಬೆಳೆದಿತ್ತು.

ಇನ್ನೊಂದು ತಮಾಷೆಯೆಂದರೆ ಹೆರಿಗೆ ಕ್ಲಿನಿಕ್ಕು ಇದ್ದದ್ದೂ ಇದೇ ಬದಿಯಲ್ಲಿ, ಬೀದಿಯ ಕೊನೆಗೆ. ತುಂಬಿದ ಹೊಟ್ಟೆ ಹೊತ್ತವರು ಒಮ್ಮೆ ಅತ್ತ, ಒಮ್ಮೆ ಇತ್ತ, ಎರಡೆರಡು ಸಲ ರಸ್ತೆ ದಾಟುತ್ತಿದ್ದರು.

ಯಜಮಾನರಿಗೆ ಇದರಿಂದ ತೊಂದರೆಯೇನೂ ಇರಲಿಲ್ಲ. ಹಲಗೆ ಇಳಿಸಲು, ಪೆಟ್ಟಿಗೆ ಸಾಗಿಸಲು ಖಾಲಿ ಜಾಗ ಒಳ್ಳೆಯದೇ. ತೊಂದರೆ ಶುರುವಾದದ್ದು ಮಗಳು ವಾಪಸು ಬಂದ ಮೇಲೆ. ಊರಿನ ಇನ್ನೊಂದು ತುದಿಯಲ್ಲಿ ಹೆಂಗಸರ ಪಾರ್ಲರಿನಲ್ಲಿ ಆಕೆ ಕೂದಲು ಕತ್ತರಿಸುತ್ತಿದ್ದಳು. ಕೈ ಚೆನ್ನಾಗಿತ್ತು, ಹೆಸರೂ ಬಂದಿತ್ತು. ಪಾರ್ಲರಿನ ಮಾಲೀಕಳು ಇದ್ದಕ್ಕಿದ್ದಂತೆ ಬಾಗಿಲು ಹಾಕಿದಳು. ಮಗಳು ಕತ್ತರಿಗಳ ಡಬ್ಬಿ ಹಿಡಿದು ಮನೆಗೆ ಬಂದವಳೇ, "ಅಂಗಡಿ ಮುಂದಿನ ಅರ್ಧ ನನಗೆ ಬಿಟ್ಟುಕೊಡು ಅಪ್ಪ. ಇಲ್ಲೇ ಕುರ್ಚಿ ಹಾಕ್ತೀನಿ" ಎಂದಳು.

"ಇಲ್ಲಿಗೆ ಯಾರು ಬರ್ತಾರಮ್ಮ?"

"ಕೂದಲು ಬೆಳೆದೋರು ಬರ್ತಾರೆ."

ಅವರು ಮುಗಿಸಿದ ಪೆಟ್ಟಿಗೆಗಳನ್ನು ಹಿಂದಕ್ಕೆ ಸಾಗಿಸಿದರು, ನಡುವೆ ಹಲಗೆಯ ಗೋಡೆ ಎಬ್ಬಿಸಿದರು. ಮಗಳು ದೊಡ್ಡ ಕನ್ನಡಿ ತಂದಳು, ತಿರುಗುವ ಕುರ್ಚಿ ತಂದಳು, ಬೋರ್ಡು ಬರೆಸಿದಳು. ಅಪ್ಪನ ಕಡೆಯಿಂದ ಮರ ಹೆರೆಯುವ ಉಜ್ಜುಗೊರಡಿನ ಸದ್ದು, ಮಗಳ ಕಡೆಯಿಂದ ರೇಡಿಯೋ. ಒಂದೇ ಬಾಗಿಲು. ಯಾರೂ ಬರಲಿಲ್ಲ.

ಮೊದಲು ಯಜಮಾನರು ಒಂದು ಉಪಾಯ ಮಾಡಿದರು. ಒಳಗಿನ ಕೆಲಸ ಕಾಣಬಾರದೆಂದು ಕಿಟಕಿಗೆ ದಪ್ಪನೆ ಪರದೆ ಇಳಿಬಿಟ್ಟರು. ಅಲ್ಲಿಯವರೆಗೆ ಆಚೆ ಬದಿಯಲ್ಲಿ ಹೋಗುವವರು ಇತ್ತ ನೋಡುತ್ತಲೂ ಇರಲಿಲ್ಲ. ಪರದೆ ಬಿದ್ದ ಮೇಲೆ ನಿಂತು ನೋಡತೊಡಗಿದರು.

"ಏನು ಯಜಮಾನ್ರೇ, ಒಳಗೆ ಯಾರನ್ನಾದ್ರೂ ಮಲಗಿಸಿದೀರಾ?" ಎಂದು ಹಣ್ಣಿನವಳು ರಸ್ತೆಯಾಚೆಯಿಂದಲೇ ಕೂಗಿ ಕೇಳಿದಳು. ಅವಳ ಬಾಯಿಗೆ ಬೀಗವಿರಲಿಲ್ಲ. ವರ್ಷಾನುಗಟ್ಟಲೆ ಎದುರುಬದುರು ದುಡಿದ ಸಲಿಗೆ ಬೇರೆ.

ಮಗಳು ಪರದೆ ಕಿತ್ತು ಬಿಸಾಕಿದಳು. "ಮುಚ್ಚಿದಷ್ಟೂ ಭಯ ಜಾಸ್ತಿ ಅಪ್ಪ. ಜನ ಕೂತ್ಕೊಂಡಿರೋದು ಕಾಣ್ಬೇಕು. ಒಂದು ಬೆಂಚು ಮಾಡ್ಕೊಡು. ನೆರಳಲ್ಲಿ ಹಾಕೋಣ. ಕಾಲು ನೋವು ಅಂತಾದ್ರೂ ಯಾರಾದ್ರೂ ಕೂತಾರು."

ಬೆಂಚಿನ ಮಾತು ಕೇಳಿ ಯಜಮಾನರಿಗೆ ಹುರುಪು ಬಂತು. ಎಷ್ಟು ವರ್ಷವಾಗಿತ್ತೋ ಬದುಕಿರುವವರಿಗಾಗಿ ಏನಾದರೂ ಮಾಡಿ. ಒಳ್ಳೇ ಮರ ಆರಿಸಿದರು. ಎದ್ದು ಬಿದ್ದು ಕೆಲಸ ಮಾಡಿದರು, ಮೂಲೆಗೆ ಮೂಲೆ ಕಚ್ಚಿಸಿದರು, ಒಂದು ಮೊಳೆಯೂ ಕಾಣದಂತೆ. ಟವೆಲು, ಚಾದರ ಇಟ್ಟುಕೊಳ್ಳಲಿ ಎಂದು ಕೆಳಗೆ ಪೂರ್ತಿ ಖಾನೆ ಮಾಡಿದರು. ಸಂಜೆ ಎತ್ತಿ ಒಳಗಿಡಲು ಸುಲಭವಾಗಲಿ ಎಂದು ಎರಡು ಕಡೆಗೂ ಹಿತ್ತಾಳೆಯ ಹಿಡಿ ಹಾಕಿದರು. ಕನ್ನಡಿಯಂತೆ ವಾರ್ನಿಷು ಬಳಿದರು. ಬೆಳಿಗ್ಗೆ ಅಪ್ಪ ಮಗಳು ಆ ಕಡೆ ಈ ಕಡೆ ಹಿಡಿದು ಮರದ ಕೆಳಗೆ ತಂದಿಟ್ಟರು. ಯಜಮಾನರು ಎರಡು ಹೆಜ್ಜೆ ಹಿಂದೆ ಸರಿದು ಸೊಂಟದ ಮೇಲೆ ಕೈಯಿಟ್ಟು ನೋಡಿದರು.

ಹಣ್ಣಿನವಳೂ ನೋಡಿದಳು. ತಕ್ಕಡಿ ಕೆಳಗಿಟ್ಟು ಚೆನ್ನಾಗಿ ನೋಡಿದಳು.

"ಎಲ್ಲಾ ಸರಿ ಯಜಮಾನ್ರೇ" ಎಂದು ಕೂಗಿದಳು. "ಮುಚ್ಚಳ ಎಲ್ಲಿ?"

ಆಚೆ ಬದಿಯಲ್ಲಿ ನಗೆ ಎದ್ದಿತು. ಮಗಳು ಬೆಂಚನ್ನು ನೋಡಿದಳು. ಆಳುದ್ದದ ಪೆಟ್ಟಿಗೆ, ಅಂಚು ಇಳಿಜಾರು, ಎರಡೂ ಕಡೆ ಹೊರುವ ಹಿಡಿ. ಅವಳಿಗೂ ತಡೆಯಲಾಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ನಗು ಇಳಿದ ಮೇಲೆ ನೋಡಿದರೆ ಅಪ್ಪ ಇರಲಿಲ್ಲ. ಹಲಗೆ ಗೋಡೆಯ ಹಿಂದೆ ಸ್ಟೂಲಿನ ಮೇಲೆ ಕೂತು ಕೈ ನೋಡಿಕೊಳ್ಳುತ್ತಿದ್ದರು.

"ಈ ಕೈಗೆ ಇನ್ನೊಂದು ಬರೋದೇ ಇಲ್ಲ ಕಣಮ್ಮ" ಎಂದರು. "ತೊಟ್ಟಿಲು ಮಾಡು ಅಂದ್ರೂ ಅದೇ ಆಗುತ್ತೇನೋ."

"ಬಿಡಪ್ಪ. ಕೂತ್ಕೊಳ್ಳೋಕೆ ಹಾಯಾಗಿದೆ. ಮಲಗೋಕೆ ಅಂತೂ ಕೇಳೋದೇ ಬೇಡ."

ಅವರಿಗೂ ತುಟಿಯಂಚಿನಲ್ಲಿ ನಗು ಬಂತು. ಮಗಳು ಹಿಡಿಗಳನ್ನು ಬಿಚ್ಚಿ ಬೆಂಚಿಗೆ ಹಳದಿ ಬಣ್ಣ ಬಳಿದಳು. ಆದರೆ ಬೀದಿ ಒಮ್ಮೆ ಕಂಡದ್ದನ್ನು ಬಣ್ಣ ಮರೆಸುತ್ತದೆಯೇ? ಜನ ಮೊದಲಿಗಿಂತ ಎರಡು ಹೆಜ್ಜೆ ಮುಂಚೆಯೇ ರಸ್ತೆ ದಾಟತೊಡಗಿದರು.

ಅದೇ ವಾರ ಮಗಳಿಗೆ ಫೋನು ಬಂತು. ಹಳೇ ಮಾಲೀಕಳ ಗೆಳತಿಯೊಬ್ಬಳು ದೂರದ ಪಟ್ಟಣದಲ್ಲಿ ದೊಡ್ಡ ಪಾರ್ಲರು ತೆಗೆಯುತ್ತಿದ್ದಳು. ಬರುತ್ತೀಯೋ ಇಲ್ಲವೋ, ತಿಂಗಳ ಕೊನೆಯೊಳಗೆ ಹೇಳು ಎಂದಿದ್ದಳು. ಮಗಳು ಊಟಕ್ಕೆ ಕೂತಾಗ ಅಪ್ಪನಿಗೆ ಹೇಳಿದಳು.

"ಒಳ್ಳೇದೇ ಆಯ್ತಲ್ಲ" ಎಂದರು ಯಜಮಾನರು.

"ಹೋಗಲಾ?"

"ನಿನ್ನ ಕೈ ಇಲ್ಲಿ ತುಕ್ಕು ಹಿಡೀತಿದೆ. ನಾನೇನು ಹೇಳ್ಲಿ."

ಹೋಗಬೇಡ ಎನ್ನಲು ಅವರಿಗೆ ಬಾಯಿ ಬರಲಿಲ್ಲ. ಹೋಗಬೇಡ ಅನ್ನಲಿ ಎಂದು ಅವಳು ಕಾದದ್ದೂ ಅವರಿಗೆ ತಿಳಿಯಲಿಲ್ಲ. ಇಬ್ಬರೂ ತಟ್ಟೆ ನೋಡಿಕೊಂಡು ಉಂಡರು.

ಮರುದಿನ ಮಧ್ಯಾಹ್ನ ಕ್ಲಿನಿಕ್ಕಿನ ಕಡೆಯಿಂದ ಅತ್ತೆ ಸೊಸೆ ಇಬ್ಬರು ಬಂದರು. ಸೊಸೆಗೆ ದಿನ ತುಂಬಿತ್ತು. ಒಂದು ಕೈ ಸೊಂಟಕ್ಕೆ, ಒಂದು ಕೈ ಗೋಡೆಗೆ. ದಾಟುವ ಜಾಗ ಬಂದಾಗ ಅತ್ತೆ ರಸ್ತೆಗಿಳಿದು ಕೈ ಚಾಚಿದರು. ಸೊಸೆ ರಸ್ತೆ ನೋಡಿದಳು, ಬಿಸಿಲು ನೋಡಿದಳು, ಆಚೆ ಬದಿಯ ನೂಕುನುಗ್ಗಲು ನೋಡಿದಳು. ನೆಟ್ಟಗೆ ನಡೆದು ಬಂದು ಹಳದಿ ಬೆಂಚಿನ ಮೇಲೆ ಕೂತೇಬಿಟ್ಟಳು.

"ಏಳೇ. ಏಳು ಮೊದ್ಲು. ಯಾರ ಬಾಗ್ಲು ಅಂತ ಗೊತ್ತೇನೇ ನಿಂಗೆ?"

"ಗೊತ್ತು ಅತ್ತೆ. ನನ್ನ ಕಾಲು ನೋಡಿ, ಕುಂಬಳಕಾಯಿ ಆಗಿದೆ. ಯಮನೇ ಬಂದು ಕೂತ್ಕೋ ಅಂದ್ರೂ ಕೂತ್ಕೋತೀನಿ."

"ಬಿಡ್ತು ಅನ್ನು."

"ಬಿಡ್ತು. ಈಗ ನೀವೂ ಬನ್ನಿ, ತಲೆ ಸುಡುತ್ತೆ."

ಅತ್ತೆ ಬರಲಿಲ್ಲ. ರಸ್ತೆಯ ಅಂಚಿನಲ್ಲೇ ಬಿಸಿಲಲ್ಲಿ ನಿಂತರು, ಫುಟ್‌ಪಾತಿಗೆ ಕಾಲು ತಾಕದಂತೆ. ಮಗಳು ನೀರು ತಂದುಕೊಟ್ಟಳು. ಸೊಸೆ ಗಟಗಟ ಕುಡಿದು, ಬೆವರಿಗೆ ಅಂಟಿದ್ದ ಜಡೆಯನ್ನು ಕುತ್ತಿಗೆಯಿಂದ ಬಿಡಿಸಿಕೊಳ್ಳುತ್ತ ಒಳಗಿನ ಕನ್ನಡಿ ನೋಡಿದಳು. "ಅಕ್ಕ, ಇದನ್ನ ಇಲ್ಲೀತನಕ ಕತ್ತರಿಸಿಬಿಡ್ತೀರಾ? ಮಗು ಬಂದ್ಮೇಲೆ ಬಾಚ್ಕೊಳ್ಳೋಕೆ ಯಾರಿಗಿದೆ ಟೈಮು."

"ಕೂದಲಿಗೆ ಕೈ ಹಾಕಿದ್ರೆ ನೋಡು!" ಎಂದು ಅತ್ತೆ ರಸ್ತೆಯಿಂದ ಕೂಗಿದರು. ಅಷ್ಟರಲ್ಲಿ ಸೊಸೆ ಒಳಗೆ ಹೋಗಿ ತಿರುಗುವ ಕುರ್ಚಿಯಲ್ಲಿ ಕೂತಾಗಿತ್ತು.

ಯಜಮಾನರು ಬಾಗಿಲಿಗೆ ಬಂದರು. "ಅಮ್ಮಾ, ಒಳಗೆ ಬರೋದು ಬೇಡ. ಮರದ ಕೆಳಗಾದ್ರೂ ನಿಂತ್ಕೊಳ್ಳಿ. ನನ್ನ ಕಂಡ್ರೆ ಆಗಲ್ಲ ಅಂದ್ರೆ ನಾನು ಹಿಂದೆ ಹೋಗ್ತೀನಿ."

ಅತ್ತೆ ಅವರನ್ನು ದಿಟ್ಟಿಸಿದರು. ಬಿಸಿಲಿಗೆ ಸೋತರೋ ಮಾತಿಗೆ ಸೋತರೋ, ಒಂದು ಕಾಲು ಎತ್ತಿ ಮೇಲಿಟ್ಟರು. ಆಮೇಲೆ ಇನ್ನೊಂದು. ನೆರಳಿಗೆ ಬಂದು ನಿಂತು ಸೆರಗಿನಿಂದ ಮುಖ ಒರೆಸಿಕೊಂಡರು.

"ನಮ್ಮನೆಯವರದ್ದು ಇಲ್ಲೇ ಮಾಡಿಸಿದ್ದು" ಎಂದರು ಕೊನೆಗೆ. "ನನ್ನ ಮಗ ಬಂದಿದ್ದ. ಆವತ್ತಿಂದ ಈ ಕಡೆ ಕಾಲಿಟ್ಟಿಲ್ಲ ನಾನು."

"ಯಾವಾಗಮ್ಮ?"

"ಮೂರು ವರ್ಷ ಆಗ್ತಾ ಬಂತು. ಮಳೆ ಹಿಡ್ಕೊಂಡಿತ್ತು. ಎತ್ತರದ ಆಳು. ಮನೇಲಿ ದಿನಾ ಅದೇ ಬಾಗ್ಲಿಗೆ ತಲೆ ಬಡಿಸ್ಕೊಳ್ಳೋರು, ಒಂದು ದಿನಾನೂ ಬಗ್ಗಿದೋರಲ್ಲ."

ಯಜಮಾನರು ತಲೆ ತಗ್ಗಿಸಿ ನೆನಪಿಸಿಕೊಂಡರು. "ಮಗ ಕನ್ನಡಕ ಹಾಕ್ತಾರೆ ಅಲ್ವಾ? ಒಂದು ಮಾತು ಹೇಳಿದ್ರು ಅವರು. ಅಪ್ಪಂಗೆ ಚಳಿ ತಡೆಯೋಕಾಗಲ್ಲ, ಕಾಲ ಹತ್ರ ಸ್ವಲ್ಪ ದಪ್ಪಗೆ ಹಾಕಿ ಅಂತ. ಕಂಬಳಿ ಕತ್ತರಿಸಿ ಎರಡು ಪದರ ಹಾಕಿದ್ದೆ. ಮೇಲೆ ಬಿಳಿ ಬಟ್ಟೆ ಬರುತ್ತಲ್ಲ, ಅದಕ್ಕೆ ಕಾಣಲ್ಲ."

ಅತ್ತೆಯ ಕೈ ಬೆಂಚಿನ ಒರಗುಹಲಗೆಯನ್ನು ಹುಡುಕಿತು. ಅದು ಇರಲಿಲ್ಲ. ಅಂಚು ಹಿಡಿದು ಮೆಲ್ಲಗೆ ಕೂತರು.

"ನಂಗೆ ಹೇಳೇ ಇಲ್ಲ ಅವನು" ಎಂದರು. "ಬೇಸಿಗೇಲೂ ಕಾಲುಚೀಲ ಹಾಕ್ಕೊಂಡು ಮಲಗೋರು. ಮಳೆ ಬಂದಾಗೆಲ್ಲ ಎದ್ದು ಕೂರ್ತೀನಿ ನಾನು. ಮಣ್ಣು ಎಷ್ಟು ತಣ್ಣಗಿರುತ್ತೋ ಅಂತ. ಇಂಥಾದ್ದನ್ನ ಯಾರ ಹತ್ರ ಕೇಳೋದು ಹೇಳಿ. ಹುಚ್ಚಿ ಅಂತಾರೆ."

"ಇಲ್ಲ ಅಮ್ಮ. ಬೆಚ್ಚಗಿತ್ತು."

ಒಳಗಿನಿಂದ ಕತ್ತರಿಯ ಸದ್ದು ಬರುತ್ತಿತ್ತು. ಸೊಸೆ ಕುತ್ತಿಗೆ ಕಾಣುವಂಥ ಗಿಡ್ಡ ಕೂದಲಿನಲ್ಲಿ, ಹತ್ತು ವರ್ಷ ಚಿಕ್ಕವಳಾಗಿ ಹೊರಬಂದಳು. ಬೈಗುಳಕ್ಕೆ ತಯಾರಾಗಿಯೇ ಬಂದಿದ್ದಳು. ಅತ್ತೆ ಕಣ್ಣೊರೆಸಿಕೊಂಡು ಅವಳನ್ನು ನೋಡಿ, "ಹಿಂದೆ ಇನ್ನೂ ಸ್ವಲ್ಪ ಸಮ ಮಾಡ್ಬೇಕಿತ್ತು" ಎಂದಷ್ಟೇ ಅಂದರು. ಮನೆಗೆ ಹೊರಟವರು ರಸ್ತೆ ದಾಟಲಿಲ್ಲ. ಇದೇ ಬದಿಯಲ್ಲಿ, ಕೈಕೈ ಹಿಡಿದು, ಬ್ಯಾಂಕಿನ ಮೂಲೆಯವರೆಗೂ ನಡೆದರು. ಹಣ್ಣಿನವಳು ಗಿರಾಕಿಗೆ ತೂಕ ಹಾಕುವುದನ್ನು ಮರೆತು ನೋಡುತ್ತ ನಿಂತಳು.

ನಾಲ್ಕೇ ದಿನಕ್ಕೆ ಸೊಸೆಗೆ ಹೆರಿಗೆಯಾಗಿ, ಬಾಣಂತಿಯ ಕೂದಲು ಬೀದಿಗೆಲ್ಲ ಸುದ್ದಿಯಾಯಿತು. ತುಂಬಿದ ಬಸುರಿ ಅಲ್ಲಿ ಕೂತಳಂತೆ, ನೀರು ಕುಡಿದಳಂತೆ, ಹೆರಿಗೆ ಹೂವೆತ್ತಿದ ಹಾಗೆ ಆಯಿತಂತೆ. ಕ್ಲಿನಿಕ್ಕಿನ ಇನ್ನೊಬ್ಬಳು ಬಂದು ಕೂತಳು. ಇಬ್ಬರು ಕೂತಿದ್ದನ್ನು ಕಂಡು ಮೂರನೆಯವಳ ಕಾಲು ಕಂಬದ ಹತ್ತಿರ ಅನುಮಾನಿಸಿತು, ಆಮೇಲೆ ನೇರ ಬಂತು. ಧೈರ್ಯ ಮಾಡಿ ಬಂದವರು ಕೆಲವರೇ. ಉಳಿದವರು, ಅಲ್ಲಿ ಜನ ಇದ್ದಾರೆ ಎಂದು ಬಂದವರು. ಹಣ್ಣಿನವಳು ಮೂತಿ ತಿರುವಿದಳು. "ನಿಮ್ಮ ದೆಸೆಯಿಂದ ನಾಲ್ಕು ಜನ ನನ್ನ ಗಾಡಿ ಮುಂದೆ ಓಡಾಡ್ತಿದ್ರು. ಅದಕ್ಕೂ ಕಲ್ಲು ಹಾಕಿದ್ರಲ್ಲ ಯಜಮಾನ್ರೇ" ಎಂದಳು. ಮಗಳು ಫೋನಿನಲ್ಲಿ ಇನ್ನೊಂದು ತಿಂಗಳು ತಡೆಯಿರಿ ಎಂದು ಕೇಳಿಕೊಂಡಳು. ಆ ಪಟ್ಟಣದವಳು ಒಂದೇ ತಿಂಗಳು, ಆಮೇಲೆ ಬೇರೆಯವರನ್ನು ನೋಡುತ್ತೇನೆ ಎಂದಳು.

ಯಜಮಾನರಿಗೆ ಈಗ ಬೇರೆ ದಿಗಿಲು ಹಿಡಿಯಿತು. ಪೆಟ್ಟಿಗೆ ಹೊರಗೆ ಹೋಗಬೇಕಾದದ್ದು ಇದೇ ಬಾಗಿಲಿನಿಂದ. ಪಾರ್ಲರು ತೆರೆಯುವ ಮೊದಲೇ, ಹಾಲಿನವನು ಬರುವ ಹೊತ್ತಿಗೇ, ಒಯ್ಯುವವರನ್ನು ಕರೆಸಿ ಸದ್ದಿಲ್ಲದೆ ಸಾಗಿಸತೊಡಗಿದರು. ಉಜ್ಜುಗೊರಡಿನ ಸದ್ದನ್ನೂ ತಗ್ಗಿಸಿದರು. ಒಂದು ಸಲ ಕಂಡರೆ ಸಾಕು, ಜನ ಕಂಬದ ಹತ್ತಿರವೇ ತಿರುಗುತ್ತಾರೆ, ಮಗಳು ಡಬ್ಬಿ ಎತ್ತಿಕೊಳ್ಳುತ್ತಾಳೆ ಎಂಬುದು ಅವರ ಲೆಕ್ಕ.

ಸಾವು ಅವರ ಹೊತ್ತು ನೋಡಿಕೊಂಡು ಬರುತ್ತದೆಯೇ? ಒಂದು ದಿನ ಸಂತೆಯಂತೆ ಜನ ಓಡಾಡುವ ಹೊತ್ತಿನಲ್ಲಿ ಬಾಗಿಲಿಗೆ ವ್ಯಾನು ಬಂದು ನಿಂತಿತು. ಬೆಂಚಿನ ಮೇಲೆ ಇಬ್ಬರು ಹುಡುಗಿಯರು ಕಾಯುತ್ತಿದ್ದರು. ಕುರ್ಚಿಯಲ್ಲಿ ಅದೇ ಅತ್ತೆ, ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿಕೊಂಡು ಕೂತಿದ್ದರು. ಅರ್ಧ ಕೂದಲು ಕತ್ತರಿಸಿಯಾಗಿತ್ತು, ಅರ್ಧ ಕ್ಲಿಪ್ಪಿನಲ್ಲಿ ಮೇಲೆ ನಿಂತಿತ್ತು. ವ್ಯಾನಿನಿಂದ ಇಳಿದವನು ಒಬ್ಬನೇ, ಇನ್ನೂ ಮೀಸೆ ಬಲಿಯದ ಮುಖ, ಒಂದು ಕಾಲಿಗೆ ಒಂದು ಬಗೆಯ ಚಪ್ಪಲಿ, ಇನ್ನೊಂದಕ್ಕೆ ಬೇರೆ. ಅವನ ತಾಯಿ ತೀರಿಕೊಂಡಿದ್ದರು.

ಯಜಮಾನರು ಅವನನ್ನು ಬದಿಗೆ ಕರೆದು ಮೆಲ್ಲಗೆ, "ಸಂಜೆ ಬಂದ್ರೆ ಆಗಲ್ವೇನಪ್ಪ?" ಎಂದರು.

"ಮನೇಲಿ ಎಲ್ಲಾ ಕಾಯ್ತಿದಾರೆ. ಸಂಜೆಯೊಳಗೆ ಮಣ್ಣು ಆಗ್ಬೇಕು." ಅವನು ಬೆಂಚಿನ ಹುಡುಗಿಯರನ್ನು, ಕನ್ನಡಿಯನ್ನು, ರೇಡಿಯೋವನ್ನು ನೋಡಿದ. ತಪ್ಪು ಬಾಗಿಲಿಗೆ ಬಂದೆನೋ ಎಂಬಂತಿತ್ತು ಮುಖ. "ನಿಮಗೇನಾದ್ರೂ ತೊಂದ್ರೆ ಆಗೋದಾದ್ರೆ ಹೊರಗೇ ಇರ್ತೀನಿ."

ಯಜಮಾನರು ಮಗಳ ಕಡೆ ನೋಡಿದರು. ಮಗಳು ಕೈ ಚಾಚಿ ರೇಡಿಯೋ ಆರಿಸಿದಳು.

"ತಗೊಂಡು ಬಾ ಅಪ್ಪ" ಎಂದಳು.

"ಇವತ್ತು ಇವರೆಲ್ಲ ನೋಡಿದ್ರೆ..."

"ನೋಡ್ಲಿ. ತಗೊಂಡು ಬಾ."

ತಲೆಯ ಕಡೆ ಯಜಮಾನರು, ಕಾಲ ಕಡೆ ಆ ಹುಡುಗ. ಖಾಲಿ ಪೆಟ್ಟಿಗೆಗೆ ಅಂಥ ಭಾರವೇನಿಲ್ಲ. ಆದರೆ ಕುರ್ಚಿಯ ಪಕ್ಕ ಬರುವಷ್ಟರಲ್ಲಿ ಹುಡುಗನ ಹೆಜ್ಜೆ ತಪ್ಪತೊಡಗಿತು. ಹೊಸ್ತಿಲ ಹತ್ತಿರ ಅವನ ತುದಿ ಒಂದು ಕಡೆಗೆ ವಾಲಿತು. ಅವನು ಪೆಟ್ಟಿಗೆಯನ್ನು ಎದೆಗೆ ಒತ್ತಿಕೊಂಡು ನಿಂತುಬಿಟ್ಟ, ಮುಂದಕ್ಕೂ ಇಲ್ಲ ಹಿಂದಕ್ಕೂ ಇಲ್ಲ.

ಅತ್ತೆ ಕುರ್ಚಿಯಿಂದ ಎದ್ದರು. ಮೊಣಕಾಲವರೆಗೆ ಬಿಳಿ ಬಟ್ಟೆ, ಅದರ ಮೇಲೆಲ್ಲ ನರೆಗೂದಲಿನ ಚೂರು, ತಲೆಯ ಮೇಲೆ ಕ್ಲಿಪ್ಪುಗಳು. ವಾಲಿದ ಮೂಲೆಯ ಕೆಳಗೆ ತಮ್ಮ ಎರಡೂ ಕೈ ಕೊಟ್ಟರು.

"ಮೆಟ್ಟಿಲಿದೆ ಮಗ" ಎಂದರು. "ನಿಧಾನ. ನಾನು ಹಿಡ್ಕೊಂಡಿದೀನಿ."

ಬೆಂಚಿನ ಹುಡುಗಿಯರು ಎದ್ದು ಗೋಡೆಗೆ ಒತ್ತಿ ನಿಂತರು. ಫುಟ್‌ಪಾತಿನಲ್ಲಿ ಬರುತ್ತಿದ್ದವರು ಎರಡು ಕಡೆಯೂ ನಿಂತರು. ಚೀಲ ಹಿಡಿದವರು, ಕೊಡೆ ಹಿಡಿದವರು, ಮಗುವನ್ನು ಸೊಂಟಕ್ಕೇರಿಸಿದ ಒಬ್ಬಳು. ಯಾರೋ ಟೋಪಿ ತೆಗೆದರು. ಮೂರು ಜನ ಮೆಟ್ಟಿಲಿಳಿದು ಪೆಟ್ಟಿಗೆಯನ್ನು ವ್ಯಾನಿನೊಳಗೆ ಸರಿಸಿದರು. ಅತ್ತೆ ಹುಡುಗನ ತೋಳಿನ ಮೇಲೆ ಬಿದ್ದಿದ್ದ ತಮ್ಮ ಕೂದಲಿನ ಚೂರುಗಳನ್ನು ಕೊಡವಿದರು, ಅವನ ಬೆನ್ನು ಸವರಿದರು, ಒಳಗೆ ಹೋಗಿ ಮತ್ತೆ ಕುರ್ಚಿಯಲ್ಲಿ ಕೂತರು. ಮಗಳು ಬಾಚಣಿಗೆ ಎತ್ತಿಕೊಂಡು, ಅವರ ತಲೆಯನ್ನು ಎರಡು ಬೆರಳಿನಿಂದ ಮೆಲ್ಲಗೆ ಮುಂದಕ್ಕೆ ಬಾಗಿಸಿದಳು.

ವ್ಯಾನು ಹೋಯಿತು. ನಿಂತಿದ್ದವರು ಒಂದು ಕ್ಷಣ ಹಾಗೇ ಇದ್ದರು. ಆಮೇಲೆ ಮಗು ಎತ್ತಿಕೊಂಡವಳು ಮೊದಲು ಹೆಜ್ಜೆ ಇಟ್ಟಳು, ಅವಳ ಹಿಂದೆ ಕೊಡೆಯವರು, ಎದುರಿನಿಂದ ಚೀಲದವರು. ಬಾಗಿಲಿನ ಮುಂದೆ ಒಬ್ಬರಿಗೊಬ್ಬರು ಭುಜ ತಾಗಿಸಿಕೊಂಡು, ಅಡ್ಡ ಸರಿದು, ಹೋಗತೊಡಗಿದರು. ಯಜಮಾನರು ರಸ್ತೆಯಲ್ಲೇ ನಿಂತಿದ್ದರು, ಒಳಗೆ ಹೋಗಲು ಸ್ವಲ್ಪ ದಾರಿ ತೆರವಾಗಲಿ ಎಂದು.